ಎಚ್‌ಓ ಬಾಕ್ಸ್‌ಕಾರಿಗೆ ನಿಜವಾಗ್ಲೂ ಜಾರೋ ಬಾಗಿಲು ಡಿಸೈನ್ ಮಾಡೋದು ಹೇಗೆ

ಮಾಡೆಲ್ ರೈಲು ಮಾಡೋರು ಗೂಡ್ಸ್ ಗಾಡಿ ಅಂತ ಬಂದಾಗ ವೀಲು, ಕಪ್ಲರ್ (ಗಾಡಿಗೆ ಗಾಡಿ ಜೋಡಿಸೋ ಕೊಂಡಿ), ಪೇಂಟು, ಡಿಕಾಲು (ಗಾಡಿ ಮೇಲೆ ಅಂಟಿಸೋ ಅಕ್ಷರ, ಲಾಂಛನದ ತೆಳು ಪದರ) ಇದಕ್ಕೆಲ್ಲ ತುಂಬಾ ತಲೆ ಕೆಡಿಸ್ಕೊಳ್ತಾರೆ, ಬಾಗಿಲು ಮಾತ್ರ ಅಚ್ಚಲ್ಲಿ ಹೇಗೆ ಬಂತೋ ಹಾಗೇ ಗೋಡೆಗೆ ಅಂಟ್ಕೊಂಡು ಉಳಿದುಬಿಡತ್ತೆ. ಆದ್ರೆ ಮಾಡೆಲ್ ರೈಲು ಓಡೋ ಲೇಔಟಲ್ಲಿ ಒಂದು ಗೋಡೌನ್ ಸೈಡಿಂಗ್ (ಗೋಡೌನ್ ಪಕ್ಕದ ಕವಲು ಹಳಿ) ಇದ್ದು, ಅಲ್ಲಿ ನಿಂತಿರೋ ಗಾಡಿ ಬಾಗಿಲು ತೆಗೆದಿದೆ, ಒಳಗೆ ಮರದ ಹಲಗೆ ಕಾಣ್ತಿದೆ, ನಾಲ್ಕು ಮೂಟೆ ಇದೆ ಅಂದ್ರೆ ಆ ಗಾಡಿಗೆ ಅಲ್ಲಿ ಏನೋ ಕೆಲಸ ಇದೆ ಅನ್ಸತ್ತೆ. ಸ್ವಲ್ಪ ಹೊತ್ತಾದ್ಮೇಲೆ ಅದೇ ಗಾಡಿ ಬಾಗಿಲು ಮುಚ್ಕೊಂಡು ಟ್ರೇನಲ್ಲಿ ಸೇರಿ ಹೊರಡ್ಬೇಕು. ಹಾಗಾಗಿ ಬಾಗಿಲು ನಿಜವಾಗ್ಲೂ ಜಾರ್ಬೇಕು, ಅದೇ ಟೈಮಲ್ಲಿ ಆಟಿಕೆ ಥರ ದಪ್ಪ ಕೊಕ್ಕೆಗಳು ಕಣ್ಣಿಗೆ ಹೊಡೀಬಾರ್ದು. ಎರಡೂ ಒಟ್ಟಿಗೆ ಆಗತ್ತೆ, ಸ್ವಲ್ಪ ಲೆಕ್ಕ ಹಾಕ್ಬೇಕು ಅಷ್ಟೆ.

ಇಲ್ಲಿ ತಗೊಂಡಿರೋದು ಅಮೆರಿಕದ 40 ಅಡಿ ಸ್ಟೀಲ್ ಬಾಕ್ಸ್‌ಕಾರು (ಪೂರ್ತಿ ಮುಚ್ಚಿದ ಗೂಡ್ಸ್ ಡಬ್ಬಿ), ಅಂದ್ರೆ 1937ರ ಎಎಆರ್ (ಅಮೆರಿಕದ ರೈಲ್ವೆಗಳ ಒಕ್ಕೂಟ) ಡಿಸೈನಿಂದ ಹಿಡಿದು 1947ರಿಂದ ಪುಲ್‌ಮನ್-ಸ್ಟಾಂಡರ್ಡ್ ಕಂಪನಿ ಸಾವಿರಗಟ್ಟಲೆ ತಯಾರಿಸಿದ ಪಿಎಸ್-1 ತನಕದ ಗಾಡಿಗಳು. ಸ್ಕೇಲು ಎಚ್‌ಓ, 1:87.1, ಇದರಲ್ಲಿ ನಿಜವಾದ ಒಂದು ಅಡಿ ಅಂದ್ರೆ 3.5 ಮಿಮೀ, ಒಂದು ಇಂಚು ಅಂದ್ರೆ ಸುಮಾರು 0.29 ಮಿಮೀ. ಈ ಎರಡು ನಂಬರ್ ಬಾಯಿಪಾಠ ಆಗಿದ್ರೆ ಮುಂದಿನದೆಲ್ಲ ಸಲೀಸು. 6 ಅಡಿ ಬಾಗಿಲು 21 ಮಿಮೀ, 8 ಅಡಿ ಬಾಗಿಲು 28 ಮಿಮೀ.

ಕಂಪ್ಯೂಟರಲ್ಲಿ ಗೆರೆ ಎಳೆಯೋಕೆ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ, ಈ ಬಾಗಿಲಿನ ಭಾರ ಯಾವುದರ ಮೇಲಿದೆ, ಬಾಗಿಲು ದಾರಿ ತಪ್ಪದ ಹಾಗೆ ಹಿಡಿಯೋದು ಯಾವುದು? ಈ ಕಾಲದ ಸ್ಟೀಲ್ ಬಾಕ್ಸ್‌ಕಾರಲ್ಲಿ ಸಾಮಾನ್ಯವಾಗಿ ಭಾರ ಹೊರೋದು ಕೆಳಗಿನ ಟ್ರ್ಯಾಕು (ರೈಲು ಹಳಿ ಅಲ್ಲ, ಬಾಗಿಲು ಜಾರೋ ಪಟ್ಟಿ), ಬಾಗಿಲ ತಳದಲ್ಲಿ ರೋಲರ್ ಇರತ್ತೆ, ಲಿವರ್ ಹಾಕಿ ಎತ್ತಿದ್ರೆ ಬಾಗಿಲು ರೋಲರ್ ಮೇಲೆ ಬರೋ ಥರದ ಕ್ಯಾಮೆಲ್ ಅನ್ನೋ ಕಂಪನಿಯ ಫಿಟ್ಟಿಂಗೂ ಬರ್ತಿತ್ತು. ಮೇಲಿನ ಪಟ್ಟಿ ಭಾರ ಹೊರಲ್ಲ, ಬಾಗಿಲು ಹೊರಗೆ ವಾಲಿ ಬೀಳದ ಹಾಗೆ ತಡೆಯತ್ತೆ ಅಷ್ಟೆ. ಮಾಡೆಲಲ್ಲೂ ಈ ಎರಡು ಕೆಲಸನ ಬೇರೆ ಬೇರೆಯಾಗೇ ಇಡಿ. ಮೇಲಿಂದ ನೇತು ಹಾಕಿ ಕೆಳಗೂ ಬಿಗಿಯಾಗಿ ಹಿಡಿದ್ರೆ ಒಂದಕ್ಕೊಂದು ಜಗಳ ಆಡ್ಕೊಂಡು ಬಾಗಿಲು ಅರ್ಧದಲ್ಲೇ ನಿಲ್ಲತ್ತೆ, ಎಷ್ಟು ಉಜ್ಜಿದ್ರೂ ಸರಿ ಹೋಗಲ್ಲ.

ಇನ್ನೊಂದು, ಬಾಗಿಲು ಯಾವ ಕಡೆ ಜಾರತ್ತೆ ಅನ್ನೋದು. ಗಾಡಿ ಪಕ್ಕಕ್ಕೆ ಮುಖ ಮಾಡಿ ನಿಂತ್ರೆ ಒಂಟಿ ಬಾಗಿಲಿನ ಬಾಕ್ಸ್‌ಕಾರಲ್ಲಿ ಸಾಮಾನ್ಯವಾಗಿ ಬಲಕ್ಕೆ. ಎಡಗಡೆ ರೈಲ್ವೆ ಹೆಸರಿನ ಅಕ್ಷರ, ಗಾಡಿ ನಂಬರು, ತೂಕದ ವಿವರ ಇರತ್ತೆ, ಬಾಗಿಲು ತೆಗೆದಿದ್ರೂ ಅದು ಕಾಣ್ಬೇಕು. ಬಲಗಡೆ ದೊಡ್ಡ ಲಾಂಛನ ಇರತ್ತೆ, ತೆರೆದ ಬಾಗಿಲು ಅದನ್ನ ಮುಚ್ಚಿದ್ರೆ ಪರವಾಗಿಲ್ಲ. ಇನ್ನೊಂದು ಪಕ್ಕದಲ್ಲೂ ಆ ಕಡೆ ನಿಂತು ನೋಡೋವ್ರಿಗೆ ಬಲಕ್ಕೇ, ಅಂದ್ರೆ ಎರಡು ಪಕ್ಕ ಕನ್ನಡಿ ಪ್ರತಿಬಿಂಬ ಅಲ್ಲ, ಗಾಡಿನ 180 ಡಿಗ್ರಿ ತಿರುಗಿಸಿದ ಹಾಗೆ. ಕ್ಯಾಡಲ್ಲಿ (ಕಂಪ್ಯೂಟರ್ ಡಿಸೈನ್ ಸಾಫ್ಟ್‌ವೇರಲ್ಲಿ) ಮಿರರ್ ಬಟನ್ ಒತ್ತೋ ಅಭ್ಯಾಸ ಇರೋರು ಇಲ್ಲಿ ಹುಷಾರು, ರೊಟೇಟ್ ಮಾಡಿ ಕಾಪಿ ಮಾಡ್ಬೇಕು. ಕಾರು ಸಾಗಿಸ್ತಿದ್ದ ಆಟೋಮೊಬೈಲ್ ಬಾಕ್ಸ್‌ಕಾರಲ್ಲಿ ಜೋಡಿ ಬಾಗಿಲು, ಒಂದು ಎಡಕ್ಕೆ ಒಂದು ಬಲಕ್ಕೆ, ಅದಕ್ಕೆ ಟ್ರ್ಯಾಕು ಎರಡೂ ಕಡೆ ಬೇಕು.

ಈಗ ಬಾಗಿಲ ಹಲಗೆ. ಯಾವ ಕಂಪನಿ ಬಾಗಿಲು ಅಂತ ಫೋಟೋ ನೋಡಿ ತೀರ್ಮಾನ ಮಾಡಿ. ಯಂಗ್ಸ್‌ಟೌನ್ ಬಾಗಿಲಲ್ಲಿ ಅಡ್ಡಡ್ಡ ಒತ್ತಿದ ಸಣ್ಣ ಅಲೆಗಳು ಸಾಲಾಗಿ ಇರತ್ತೆ, ಮೂರು ತುಂಡು ತಗಡು ಸೇರಿಸಿದ್ದು, ಒಂದೊಂದು ತುಂಡಲ್ಲಿ ಎಷ್ಟು ಅಲೆ ಅನ್ನೋದನ್ನ 5/6/5 ಅಂತೆಲ್ಲ ಎಣಿಸಿ ಗಾಡಿ ಯಾವುದು ಅಂತ ಗುರುತಿಸೋರಿದ್ದಾರೆ, ಹಾಗಾಗಿ ಎಣಿಸಿನೇ ಬಿಡಿಸಿ. ಸುಪೀರಿಯರ್ ಬಾಗಿಲು ಬೇರೆ, ಚಪ್ಪಟೆ ಪ್ಯಾನೆಲ್‌ಗಳು, ನಡುವೆ ಎದ್ದು ಕಾಣೋ ಅಡ್ಡಪಟ್ಟಿ. ಪ್ಲಾಸ್ಟಿಕ್ ಶೀಟಲ್ಲಿ ಕೈಯಲ್ಲೇ ಮಾಡೋದಾದ್ರೆ ಸುಪೀರಿಯರ್ ಸುಲಭ, 3ಡಿ ಪ್ರಿಂಟ್ ಮಾಡೋದಾದ್ರೆ ಯಂಗ್ಸ್‌ಟೌನ್ ಕೂಡ ಕಷ್ಟ ಇಲ್ಲ.

ಹಲಗೆ ದಪ್ಪ 0.5 ಮಿಮೀ ಇಡಿ, ಅದರ ಮೇಲೆ ಅಲೆಗಳು 0.25 ಮಿಮೀ ಎದ್ದಿರ್ಲಿ. 0.5 ಅಂದ್ರೆ ನಿಜದಲ್ಲಿ 43 ಮಿಮೀ ಚಿಲ್ಲರೆ, ತಗಡಿಗೆ ಹೋಲಿಸಿದ್ರೆ ಜಾಸ್ತಿನೇ, ಆದ್ರೆ ನಿಜವಾದ ಬಾಗಿಲಿಗೂ ಅಂಚಿನ ಚೌಕಟ್ಟು, ಅಲೆ ಎಲ್ಲ ಸೇರಿ ದಪ್ಪ ಇರತ್ತೆ, ಕಣ್ಣಿಗೆ ತಪ್ಪು ಅನ್ಸಲ್ಲ. ಮುಖ್ಯವಾದ ವಿಷ್ಯ, ಮೇಲಿನ ಅಂಚಲ್ಲಿ ಒಂದೂವರೆ ಮಿಮೀ, ಕೆಳಗಿನ ಅಂಚಲ್ಲಿ ಒಂದು ಮಿಮೀ ಏನೂ ಅಲಂಕಾರ ಇಲ್ಲದೆ ಬರೀ 0.5 ಹಲಗೆನೇ ಬಿಡಿ, ಅದೇ ಟ್ರ್ಯಾಕಿನ ಗ್ರೂವ್, ಅಂದ್ರೆ ಸಣ್ಣ ಕಾಲುವೆ, ಅದರ ಒಳಗೆ ಓಡೋ ಭಾಗ. ಬಾಗಿಲ ಹಿಂಭಾಗ ಪೂರ್ತಿ ನುಣ್ಣಗಿರ್ಬೇಕು. ಅಗಲ, ಬಾಗಿಲವಾಡಕ್ಕಿಂತ ಒಂದೂವರೆ ಮಿಮೀ ಜಾಸ್ತಿ, 21ರ ತೆರಪಿಗೆ 22.5, ಮುಚ್ಚಿದಾಗ ಸಂದಿಯಲ್ಲಿ ಬೆಳಕು ಕಾಣಲ್ಲ.

ಟ್ರ್ಯಾಕಿನ ಅಡ್ಡಕೊಯ್ತ ಹೀಗೆ. ಗೋಡೆ ಕಡೆಯಿಂದ ಹೊರಗೆ ಬರ್ತಾ ಮೊದ್ಲು 0.25ರ ಸ್ಪೇಸರ್ ಪಟ್ಟಿ, ಆಮೇಲೆ 0.7 ಗ್ರೂವ್, ಆಮೇಲೆ 0.25ರ ತುಟಿ, ಅಂದ್ರೆ ಬಾಗಿಲನ್ನ ಹೊರಗಿಂದ ತಡೆಯೋ ಅಂಚು. ಒಟ್ಟು 1.2 ಮಿಮೀ ಗೋಡೆಯಿಂದ ಹೊರಗೆ ಬಂತು, ನಿಜದಲ್ಲಿ ನಾಲ್ಕು ಇಂಚಿನ ಹತ್ರ, ನೋಡೋಕೆ ಅತಿ ಅನ್ಸಲ್ಲ. ಆ ಸ್ಪೇಸರ್ ಯಾಕೆ ಅಂದ್ರೆ ಬಾಗಿಲು ಬಲಕ್ಕೆ ಹೋಗುವಾಗ ಗೋಡೆ ಮೇಲಿನ ರಿವೆಟ್ ಸಾಲು ದಾಟ್ಬೇಕು, ಮಾಡೆಲಲ್ಲಿ ರಿವೆಟ್ ತಲೆ 0.1 ಮಿಮೀ ಆಸುಪಾಸು ಎದ್ದಿರತ್ತೆ, ಜೊತೆಗೆ ಅಲ್ಲೇ ಲಾಂಛನದ ಡಿಕಾಲ್ ಇರೋದು, ಸ್ಪೇಸರ್ ಇಲ್ಲದಿದ್ರೆ ಹತ್ತು ಸಲ ತೆಗೆದು ಹಾಕೋದ್ರೊಳಗೆ ಡಿಕಾಲ್ ಮೇಲೆ ಗೀರು ಬಿದ್ದು ಹೋಗತ್ತೆ. ನಿಜವಾದ ಗಾಡಿಯಲ್ಲೂ ಬಾಗಿಲು ಗೋಡೆಗೆ ತಾಗದ ಹಾಗೆ ಅಂತರ ಬಿಟ್ಟೇ ಇರತ್ತೆ.

ಎತ್ತರದ ಲೆಕ್ಕಾನೇ ಇಡೀ ಡಿಸೈನಿನ ಜೀವ, ಸ್ವಲ್ಪ ನಿಧಾನವಾಗಿ ಓದಿ. ಮನೆ ಶೋಕೇಸಿನ ಜಾರೋ ಗಾಜು ನೋಡಿರ್ತೀರ, ಮೇಲಕ್ಕೆ ಎತ್ತಿ ಕೆಳಗಡೆ ಹೊರಗೆ ಎಳೆದ್ರೆ ಗಾಜು ಕೈಗೆ ಬರತ್ತೆ, ಯಾಕಂದ್ರೆ ಮೇಲಿನ ಗ್ರೂವ್ ಆಳ ಇರತ್ತೆ, ಕೆಳಗಿನದು ಕಮ್ಮಿ. ಅದೇ ಉಪಾಯ ಇಲ್ಲಿ. ಕೆಳಗಿನ ತುಟಿ ಎತ್ತರ 0.5 ಮಿಮೀ. ಮೇಲಿನ ತುಟಿ ಕೆಳಕ್ಕೆ ಇಳಿಬಿದ್ದಿರೋದು 1.2 ಮಿಮೀ. ಕೆಳಗಿನ ಟ್ರ್ಯಾಕ್ ತಳದಿಂದ ಮೇಲಿನ ಗ್ರೂವ್ ಸೂರಿನ ತನಕ ಎಷ್ಟಿದೆಯೋ ಅದಕ್ಕಿಂತ ಬಾಗಿಲು 0.65 ಮಿಮೀ ಗಿಡ್ಡ ಇರ್ಲಿ. ಬಾಗಿಲು ಕೂತಾಗ ಮೇಲೆ 0.55 ಮಿಮೀ ಇನ್ನೂ ಗ್ರೂವ್ ಒಳಗೇ ಇರತ್ತೆ, ಬೀಳಲ್ಲ. ಪೂರ್ತಿ ಎತ್ತಿದ್ರೆ ಕೆಳಗಡೆ 0.65 ಖಾಲಿ, ತುಟಿ 0.5 ಮಾತ್ರ, ಆರಾಮಾಗಿ ಹೊರಗೆ ಬರತ್ತೆ. ಇದರಿಂದ ಸಿಗೋ ದೊಡ್ಡ ಲಾಭ ಏನಂದ್ರೆ ಟ್ರ್ಯಾಕು ಅಂಟಿಸಿ, ಗಾಡಿಗೆ ಪೇಂಟ್ ಹೊಡೆದು, ಡಿಕಾಲ್ ಹಾಕಿ, ಎಲ್ಲ ಒಣಗಿದ್ಮೇಲೆ ಬಾಗಿಲು ಹಾಕ್ಬಹುದು. ಬಾಗಿಲನ್ನ ಒಳಗೆ ಇಟ್ಕೊಂಡು ಟ್ರ್ಯಾಕ್ ಅಂಟಿಸೋ ಪದ್ಧತಿ ನಂಗೆ ಯಾವತ್ತೂ ಒಪ್ಪಿಗೆ ಇಲ್ಲ, ಪ್ಲಾಸ್ಟಿಕ್ ಸಿಮೆಂಟ್ ನೀರಿಗಿಂತ ತೆಳು, ಸಂದಿ ಸಿಕ್ಕಿದ್ರೆ ತಾನಾಗೇ ಹರಿದು ಹೋಗಿ ಬಾಗಿಲನ್ನೂ ಕರಗಿಸಿ ಹಿಡ್ಕೊಂಡುಬಿಡತ್ತೆ.

ಬಾಗಿಲು ಅಗಲಕ್ಕಿಂತ ಎತ್ತರ ಜಾಸ್ತಿ, 22 ಅಗಲ 33 ಎತ್ತರ ಅಂದ್ಕೊಳ್ಳಿ. ಇಂಥದ್ದನ್ನ ಮೇಲಿನ ಮೂಲೆಯಲ್ಲಿ ತಳ್ಳಿದ್ರೆ ಓರೆಯಾಗಿ ಸಿಕ್ಕಿಹಾಕ್ಕೊಳತ್ತೆ, ಯಾವಾಗ್ಲೂ ಕೆಳಗಡೆ ಹತ್ರ ತಳ್ಳಬೇಕು, ಹಾಗಾಗಿ ಹ್ಯಾಂಡಲ್ ಕೂಡ ತಳದ ಕಡೆಗೇ ಗಟ್ಟಿಯಾಗಿ ಕೂರಿಸಿ. ಇದರ ಜೊತೆ ಬಾಗಿಲ ತಳದ ಅಂಚನ್ನ ಉದ್ದಕ್ಕೂ ನೇರ ಬಿಡ್ಬೇಡಿ, ಎರಡು ತುದಿಯಲ್ಲಿ 2 ಮಿಮೀ ಉದ್ದದ ಪಾದ ಬಿಟ್ಟು ನಡುವಿನದನ್ನ 0.1 ಮಿಮೀ ಕೆರೆದು ತೆಗೀರಿ. ನಿಜವಾದ ಬಾಗಿಲು ರೋಲರ್ ಮೇಲೆ ನಿಲ್ಲೋ ಜಾಗಾನೂ ಹೆಚ್ಚುಕಮ್ಮಿ ಅದೇ. ಟ್ರ್ಯಾಕಲ್ಲಿ ಧೂಳು, ಪೇಂಟಿನ ಗಂಟು ಏನಾದ್ರೂ ಇದ್ರೂ ಪಾದ ದಾಟ್ಕೊಂಡು ಹೋಗತ್ತೆ.

ರೆಸಿನ್ 3ಡಿ ಪ್ರಿಂಟರ್ ಇದ್ರೆ ಕ್ಲಿಯರೆನ್ಸ್, ಅಂದ್ರೆ ಬಾಗಿಲಿಗೂ ಗ್ರೂವಿಗೂ ನಡುವೆ ಬಿಡೋ ಜಾಗ, ಅದನ್ನ ಕ್ಯಾಡಲ್ಲಿ ಒಂದು ವೇರಿಯಬಲ್ ಮಾಡಿ ಇಟ್ಕೊಳ್ಳಿ, ನಂಬರ್ ಎಲ್ಲ ಕಡೆ ಕೈಯಲ್ಲಿ ಹೊಡೀಬೇಡಿ. ಮೊದ್ಲು ಗಾಡಿ ಪ್ರಿಂಟ್ ಮಾಡೋಕೆ ಹೋಗ್ದೆ ಎರಡು ಸೆಂಟಿಮೀಟರ್ ಉದ್ದದ ಒಂದು ತುಂಡಲ್ಲಿ 0.6, 0.65, 0.7, 0.75 ಅಗಲದ ಗ್ರೂವ್ ಹಾಕಿ, ಜೊತೆಗೆ 0.5ರ ಒಂದು ಚೂರು ಹಲಗೆ ಪ್ರಿಂಟ್ ಮಾಡಿ, ಪೇಂಟ್ ಹೊಡೆದು ಯಾವುದರಲ್ಲಿ ಸಲೀಸಾಗಿ ಓಡತ್ತೆ ನೋಡಿ. ಪೇಂಟ್ ಹೊಡೆದೇ ನೋಡ್ಬೇಕು, ಪ್ರೈಮರ್ ಬಣ್ಣ ಕ್ಲಿಯರ್ ಕೋಟ್ ಎಲ್ಲ ಸೇರಿ ಎರಡೂ ಕಡೆಯಿಂದ ಗ್ರೂವ್ ಕಿರಿದಾಗತ್ತೆ. ಪ್ರಿಂಟರ್, ರೆಸಿನ್, ಎಕ್ಸ್‌ಪೋಷರ್ ಬದಲಾದ ಹಾಗೆ ಉತ್ತರಾನೂ ಬದಲಾಗತ್ತೆ, ಅದಕ್ಕೆ ಬೇರೆಯವರ ನಂಬರ್ ನಂಬೋದಕ್ಕಿಂತ ಈ ತುಂಡನ್ನ ನಂಬಿ. ಬಾಗಿಲನ್ನ ಮಲಗಿಸಿ ಪ್ರಿಂಟ್ ಮಾಡ್ಬೇಡಿ, 40-45 ಡಿಗ್ರಿ ಓರೆ ಇಟ್ಟು ಸಪೋರ್ಟ್ ಎಲ್ಲ ಹಿಂಭಾಗಕ್ಕೆ ಕೊಡಿ, ಆಮೇಲೆ ಗಾಜಿನ ಮೇಲೆ ಎಮ್ರಿ ಪೇಪರ್ ಹಾಸಿ ಉಜ್ಜಿದ್ರೆ ಹಿಂಭಾಗ ನುಣ್ಣಗಾಗತ್ತೆ. ತೆಳು ಹಲಗೆ ಯುವಿ ಬೆಳಕಲ್ಲಿ ಬಾಗೋದು ಸಾಮಾನ್ಯ, ಎರಡು ಗಾಜಿನ ಮಧ್ಯ ಇಟ್ಟು ಕ್ಯೂರ್ ಮಾಡಿ, ಅಂದ್ರೆ ಆ ಬೆಳಕಲ್ಲಿ ಗಟ್ಟಿ ಮಾಡಿ. ಬರೀ ಸ್ಟಾಂಡರ್ಡ್ ರೆಸಿನ್ ಪಟ್ಟಂತ ಮುರಿಯತ್ತೆ, ಟಫ್ ರೆಸಿನ್ ಸ್ವಲ್ಪ ಬೆರೆಸಿದ್ರೆ ಒಳ್ಳೇದು. 0.4 ನಾಝಲ್ ಇರೋ ಫಿಲಮೆಂಟ್ ಪ್ರಿಂಟರಲ್ಲಿ ಈ ಅಳತೆ ಬರಲ್ಲ, ಅದನ್ನ ಬಿಟ್ಟುಬಿಡಿ, ಬದ್ಲು ಪ್ಲಾಸ್ಟಿಕ್ ಶೀಟು ಮತ್ತೆ 0.25 × 0.5 ಮಿಮೀ ಪಟ್ಟಿ ತಗೊಂಡು ಕೈಯಲ್ಲೇ ಕಟ್ಟಿ, ಸ್ಟೀಲ್ ಸ್ಕೇಲು, ಹೊಸ ಬ್ಲೇಡು, ವರ್ನಿಯರ್ ಕ್ಯಾಲಿಪರ್ ಇದ್ರೆ ಪ್ರಿಂಟಿಗಿಂತ ಚೆಂದ ಬರತ್ತೆ.

ರೆಡಿಮೇಡ್ ಕಿಟ್ ಗಾಡಿಯಲ್ಲಿ ಅಚ್ಚಿನ ಬಾಗಿಲು ಕತ್ತರಿಸಿ ತೆಗೆಯೋದಾದ್ರೆ ನಾಲ್ಕು ಮೂಲೆಯಲ್ಲಿ ಸಣ್ಣ ತೂತು ಹೊಡೆದು, ಒಂದರಿಂದ ಒಂದಕ್ಕೆ ಬ್ಲೇಡಲ್ಲಿ ಮತ್ತೆ ಮತ್ತೆ ಗೀರಿ, ಗರಗಸ ಹಾಕಿದ್ರೆ ಅಂಚು ಹಾಳಾಗತ್ತೆ. ತೆರಪು ಆದ್ಮೇಲೆ ಗೋಡೆ ಸಡಿಲ ಆಗತ್ತೆ, ಒಳಗಡೆ ಬಾಗಿಲವಾಡದ ಮೇಲೂ ಎರಡು ಪಕ್ಕದಲ್ಲೂ ಒಂದೊಂದು ಗಟ್ಟಿ ಪಟ್ಟಿ ಅಂಟಿಸಿ, ಇಲ್ಲಾಂದ್ರೆ ಗೋಡೆ ಹೊಟ್ಟೆ ಬಿಟ್ಟು ಟ್ರ್ಯಾಕ್ ಕೂಡ ಬಾಗತ್ತೆ. ಗೋಡೆ ದಪ್ಪ ಒಂದು ಮಿಮೀ ಮೇಲಿದೆ, ಕಾಣತ್ತಲ್ಲ ಅಂತ ಚಿಂತೆ ಮಾಡೋರಿದ್ದಾರೆ, ಬೇಡ. ನಿಜವಾದ ಗಾಡಿ ಗೋಡೆ ಬರೀ ತಗಡಲ್ಲ, ತಗಡಿನ ಹಿಂದೆ ಸ್ಟೀಲ್ ಕಂಬ, ಅದರ ಹಿಂದೆ ಮರದ ಹಲಗೆ ಇರತ್ತೆ, ಒಂದೂಕಾಲು ಮಿಮೀ ತನಕ ಸರಿಯಾಗೇ ಕಾಣತ್ತೆ. ಬಾಗಿಲವಾಡದ ಒಳಮುಖಕ್ಕೆ ಮರದ ಬಣ್ಣ ಹೊಡೆದ್ರೆ ಸಾಕು.

ಇನ್ನೊಂದು ಲೆಕ್ಕ ನೋಡಿ, ಈ ಬಾಗಿಲಿನ ತೂಕ ಸುಮಾರು ಅರ್ಧ ಗ್ರಾಂ. ಇಷ್ಟು ಹಗುರ ಇರೋದ್ರಿಂದ ಚೆನ್ನಾಗಿ ಜಾರೋ ಬಾಗಿಲು ಕಪ್ಲಿಂಗ್ ಮಾಡಿದಾಗಿನ ಸಣ್ಣ ಹೊಡೆತಕ್ಕೂ ತಾನಾಗೇ ತೆರ್ಕೊಳತ್ತೆ. ಬೇಕಾದಾಗ ಜಾರ್ಬೇಕು, ಬೇಡದಾಗ ನಿಲ್ಬೇಕು. ಅದಕ್ಕೆ ಗಿಟಾರಿನ ತೆಳು ತಂತಿ ತಗೊಳ್ಳಿ, 0.25 ಮಿಮೀ ಅಂದ್ರೆ ಹತ್ತು ಗೇಜ್ ಅಂತ ಯಾವ ಮ್ಯೂಸಿಕ್ ಅಂಗಡಿಯಲ್ಲಾದ್ರೂ ಸಿಗತ್ತೆ, ಸ್ಪ್ರಿಂಗ್ ಗುಣ ತುಂಬಾ ಚೆನ್ನಾಗಿರತ್ತೆ. 8 ಮಿಮೀ ತುಂಡನ್ನ ಸ್ವಲ್ಪ ಬಿಲ್ಲಿನ ಥರ ಬಗ್ಗಿಸಿ, ಬಾಗಿಲ ಮೇಲಿನ ಅಂಚಿನ ಹಿಂಭಾಗದಲ್ಲಿ, ಆ ಬರೀ ಹಲಗೆ ಬಿಟ್ಟಿದೀವಲ್ಲ ಅಲ್ಲಿ, ತಂತಿ ಅಡಗೋ ಅಷ್ಟು ಗೆರೆ ಕೊರೆದು, ಒಂದು ತುದಿ ಮಾತ್ರ ಫೆವಿಕ್ವಿಕ್ ಹಾಕಿ ಕೂರಿಸಿ. ಬಿಲ್ಲಿನ ಹೊಟ್ಟೆ ಮೇಲಿನ ಸ್ಪೇಸರಿಗೆ ಉಜ್ಜತ್ತೆ, ಹೊರಗೆ ಕಾಣಲ್ಲ, ಡಿಕಾಲಿಗೂ ತಾಗಲ್ಲ. ಮೇಲೆ ತಿಕ್ಕಾಟ ಕೊಟ್ರೆ ಬಾಗಿಲು ಓರೆ ಆಗಲ್ವಾ ಅಂದ್ರೆ, ತೀರಾ ಹಗುರವಾಗಿ ಒತ್ತೋ ಹಾಗೆ ಬಗ್ಗಿಸಿದ್ರೆ ಆಗಲ್ಲ, ಗಾಡಿನ ಕೈಯಲ್ಲಿ ಓರೆ ಹಿಡಿದಾಗ ನಿಂತ್ರೆ ಸಾಕು, ಅಲ್ಲಾಡಿಸಿದಾಗ ನಿಲ್ಬೇಕಾಗಿಲ್ಲ. ಎಣ್ಣೆ ಮಾತ್ರ ಯಾವ ಕಾರಣಕ್ಕೂ ಬೇಡ, ಧೂಳು ಹಿಡಿಯತ್ತೆ, ಕೆಲವು ಎಣ್ಣೆ ಪ್ಲಾಸ್ಟಿಕ್ಕನ್ನೂ ತಿನ್ನತ್ತೆ. ಪೆನ್ಸಿಲ್ ಸೀಸದ ಪುಡಿ ಟೂತ್‌ಪಿಕ್ಕಲ್ಲಿ ಕೆಳಗಿನ ಟ್ರ್ಯಾಕಿಗೆ ಸವರಿ.

ಎರಡು ತುದಿಗೂ ಸ್ಟಾಪರ್ ಮರೀಬೇಡಿ, 0.25ರ ಚೂರು ಸಾಕು, ಟ್ರ್ಯಾಕ್ ಉದ್ದ ಈ ಬಾಗಿಲಿಗೆ 46 ಮಿಮೀ ಆಸುಪಾಸು ಬರತ್ತೆ.

ಪ್ಲಗ್ ಡೋರ್ ಬಗ್ಗೆ ಕೇಳೋರು ಜಾಸ್ತಿ. 1950ರ ದಶಕದಿಂದ ಇನ್ಸುಲೇಟೆಡ್ ಗಾಡಿಗಳಲ್ಲಿ ಇದು ಬಳಕೆಗೆ ಬಂತು, ಮುಚ್ಚಿದಾಗ ಬಾಗಿಲು ಗೋಡೆ ಸಮಕ್ಕೆ ಒಳಗೆ ಕೂತ್ಕೊಳತ್ತೆ, ತೆಗೆಯುವಾಗ ಮೊದ್ಲು ಹೊರಗೆ ಬಂದು ಆಮೇಲೆ ಪಕ್ಕಕ್ಕೆ ಜಾರತ್ತೆ. ಬಾಗಿಲ ಮೇಲೆ ಕಾಣೋ ಉದ್ದನೆ ಲಂಬ ರಾಡುಗಳು ಅಲಂಕಾರಕ್ಕಲ್ಲ, ಅವುಗಳ ಮೇಲೂ ಕೆಳಗೂ ಕ್ರ್ಯಾಂಕ್ (ಪಕ್ಕಕ್ಕೆ ಬಗ್ಗಿದ ತುದಿ) ಇದೆ, ಬಾಗಿಲ ಮೇಲಿನ ಕೈಚಕ್ರ ತಿರುಗಿಸಿದ್ರೆ ರಾಡ್ ತಿರುಗಿ ಬಾಗಿಲನ್ನ ಹೊರಗೆ ತಳ್ಳತ್ತೆ. ಮಾಡೆಲಲ್ಲೂ ಅದನ್ನೇ ಮಾಡಿ. 0.4 ಮಿಮೀ ಹಿತ್ತಾಳೆ ತಂತಿಯ ಎರಡು ತುದಿ 1.4 ಮಿಮೀ ಪಕ್ಕಕ್ಕೆ ಬರೋ ಹಾಗೆ ಎರಡೆರಡು ಸಲ ಬಗ್ಗಿಸಿ, ನಡುವಿನ ಭಾಗ ಬಾಗಿಲ ಮೇಲಿನ ಬ್ರಾಕೆಟಲ್ಲಿ ತಿರುಗ್ಲಿ, ತುದಿಗಳು ಟ್ರ್ಯಾಕಲ್ಲಿ ಓಡೋ ಪುಟ್ಟ ಸ್ಲೈಡರ್ ತೂತಲ್ಲಿ ಕೂರ್ಲಿ. ಇಲ್ಲಿ ಭಾರ ಹೊರೋದು ರಾಡು ಮತ್ತೆ ಸ್ಲೈಡರ್, ಬಾಗಿಲ ಅಂಚಲ್ಲ, ಹಾಗಾಗಿ ಜಾರೋ ಬಾಗಿಲಿನ ಲೆಕ್ಕ ಇಲ್ಲಿಗೆ ಹಾಕ್ಬೇಡಿ. ಎರಡು ರಾಡಿನ ಕ್ರ್ಯಾಂಕೂ ಒಂದೇ ಅಳತೆ ಇರ್ಲೇಬೇಕು, ಅದಕ್ಕೆ ಮರದ ತುಂಡಿನ ಮೇಲೆ ಮೊಳೆ ಹೊಡೆದು ಜಿಗ್ ಮಾಡ್ಕೊಂಡೇ ಬಗ್ಗಿಸಿ. ಬಾಗಿಲು ಹೊರಗೆ ಬರೋದು ಕಮಾನಿನ ದಾರಿಯಲ್ಲಿ, ಸ್ವಲ್ಪ ಪಕ್ಕಕ್ಕೂ ಸರಿಯತ್ತೆ, ಆದ್ದರಿಂದ ಒಳಗಿನ ಅಂಚುಗಳನ್ನ 45 ಡಿಗ್ರಿ ಓರೆ ಮಾಡಿ ಉಜ್ಜಬೇಕು. ಮೊದಲ ಸಲ ಮಾಡೋರು ಇದನ್ನ ಓ ಸ್ಕೇಲಲ್ಲಿ, ಅಂದ್ರೆ 1:48ರಲ್ಲಿ ಮಾಡಿ ಅಂತ ನನ್ನ ಸಲಹೆ.

ಐಸ್ ಹಾಕೋ ಹಳೇ ರೆಫ್ರಿಜರೇಟರ್ ಗಾಡಿಯಲ್ಲಿ ಹಿಂಜ್ ಮೇಲೆ ತೆರೆಯೋ ಜೋಡಿ ಬಾಗಿಲು, 4 ಅಡಿ ತೆರಪಿಗೆ ಒಂದೊಂದು ರೆಕ್ಕೆ 7 ಮಿಮೀ. ಇಲ್ಲಿ ಒಂದೇ ನಿಯಮ, ಹಿಂಜ್ ಪಿನ್ನಿನ ಅಕ್ಷ ಗೋಡೆ ಮೇಲ್ಮೈಯಿಂದ ಹೊರಗೆ ಇರ್ಬೇಕು. ಮೇಲ್ಮೈ ಒಳಗೆ ಸೇರಿಸಿದ್ರೆ ಬಾಗಿಲು ಅರ್ಧ ತೆರೆದು ಅಂಚು ತಾಗಿ ನಿಂತುಬಿಡತ್ತೆ, ಹೊರಗಿದ್ರೆ ಪೂರ್ತಿ ಹಿಂದಕ್ಕೆ ಮಡಚಿ ಗೋಡೆಗೆ ಒರಗತ್ತೆ. 23 ಗೇಜ್ ಇಂಜೆಕ್ಷನ್ ಸೂಜಿಯ ಒಳವ್ಯಾಸ 0.34 ಮಿಮೀ ಹತ್ರ, 0.3 ತಂತಿ ಅದರಲ್ಲಿ ಸಲೀಸಾಗಿ ತಿರುಗತ್ತೆ, ಮೆಡಿಕಲ್ ಶಾಪಲ್ಲಿ ಹೊಸ ಸೂಜಿ ತಗೊಂಡು ಫೈಲಲ್ಲಿ ಗೀರಿ ತುಂಡು ಮಾಡ್ಕೊಂಡ್ರೆ ಹಿಂಜ್ ಟ್ಯೂಬ್ ರೆಡಿ. ಇನ್ಸುಲೇಷನ್ ಇರೋದ್ರಿಂದ ಈ ಬಾಗಿಲು ದಪ್ಪ, 1.2 ಮಿಮೀ ಆದ್ರೂ ಇರ್ಲಿ, ಎರಡು ರೆಕ್ಕೆ ಸೇರೋ ಅಂಚು ಓರೆ ಇರ್ಲಿ. ಚಿಲಕದ ಉದ್ದ ರಾಡು 0.4 ತಂತಿಯಲ್ಲಿ ಮಾಡಿ.

ಬಾಗಿಲು ತೆರೀತು ಅಂದ್ಮೇಲೆ ಒಳಗೆ ಏನು ಕಾಣತ್ತೆ ಅನ್ನೋದೂ ಡಿಸೈನಿನ ಭಾಗ. ಅಮೆರಿಕದ ಮಾಡೆಲ್ ರೈಲು ಸಂಘವಾದ ಎನ್‌ಎಂಆರ್‌ಎ ಶಿಫಾರಸಿನ ಪ್ರಕಾರ ಎಚ್‌ಓ ಗಾಡಿಗೆ ಒಂದು ಔನ್ಸ್ ಜೊತೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್ ತೂಕ ಬೇಕು, 40 ಅಡಿ ಗಾಡಿಗೆ 110 ಗ್ರಾಂ ಆಸುಪಾಸು. ಕಿಟ್ ಜೊತೆ ಬರೋ ಸ್ಟೀಲ್ ಪಟ್ಟಿ ನೆಲದ ಮೇಲೆ ಇದ್ರೆ ಬಾಗಿಲಿಂದ ಎದ್ದು ಕಾಣತ್ತೆ, ಅದರ ಮೇಲೆ ಗೀರಿದ ಹಲಗೆ ಶೀಟ್ ಹಾಸಿ, ಉಳಿದ ತೂಕನ ಗಾಡಿ ಎರಡು ತುದಿಯಲ್ಲಿ ಸುಳ್ಳು ಗೋಡೆ ಕಟ್ಟಿ ಅದರ ಹಿಂದೆ ಸಮವಾಗಿ ತುಂಬಿ. ಚಾವಣಿಗೆ ಅಂಟಿಸಬೇಡಿ, ಗುರುತ್ವ ಕೇಂದ್ರ ಮೇಲೆ ಹೋಗಿ ಕರ್ವಲ್ಲಿ ಗಾಡಿ ತೂಗಾಡತ್ತೆ. ಒಳಗೋಡೆಗೆ ಹಳೇ ಮರದ ಬಣ್ಣ, ಬಾಗಿಲ ಎದುರಿನ ನೆಲ ಜಾಸ್ತಿ ಸವೆದ ಹಾಗೆ. ಗೋಧಿ ಸಾಗಿಸ್ತಿದ್ದ ಗಾಡಿ ಅಂದ್ರೆ ಬಾಗಿಲವಾಡಕ್ಕೆ ಒಳಗಿಂದ ಅಡ್ಡ ಹಲಗೆ ಹೊಡೆದಿರ್ತಿದ್ರು, ಗ್ರೇನ್ ಡೋರ್ ಅಂತ, ಕಾಳು ಹೊರಗೆ ಚೆಲ್ಲದ ಹಾಗೆ, ಮೇಲೆ ಮಾತ್ರ ತೆರಪು. ಆರು ಹಲಗೆ ಅಡ್ಡ ಅಂಟಿಸಿ ಬಾಗಿಲು ಅರ್ಧ ತೆಗೆದಿಟ್ರೆ ಗಾಡಿ ಒಳಗಿನ ತೂಕ, ಅಂಟು ಯಾವುದೂ ಕಾಣಲ್ಲ, ನೋಡೋರಿಗೆ ಪ್ರೇರಿ (ಉತ್ತರ ಅಮೆರಿಕದ ಹುಲ್ಲುಗಾವಲು ಬಯಲು) ಕಡೆಯ ಗೋಧಿ ಎಲಿವೇಟರ್, ಅಂದ್ರೆ ಎತ್ತರದ ಗೋಧಿ ಉಗ್ರಾಣ, ನೆನಪಾಗತ್ತೆ, ಮೊದಲ ಗಾಡಿಗೆ ಇದನ್ನೇ ಮಾಡಿ ಅಂತೀನಿ.

ಪೇಂಟ್ ಹೊಡೆಯುವಾಗ ಎರಡು ಗ್ರೂವ್ ಒಳಗೂ ತೆಳ್ಳಗೆ ಕತ್ತರಿಸಿದ ಮಾಸ್ಕಿಂಗ್ ಟೇಪ್ ತುರುಕಿ, ಬಾಗಿಲಿನ ಮೇಲೂ ಕೆಳಗೂ ಆ ಬರೀ ಅಂಚಿಗೆ ಒಂದೇ ತೆಳು ಕೋಟ್ ಸಾಕು. ಎಲ್ಲ ಒಂದೆರಡು ದಿನ ಒಣಗಿದ್ಮೇಲೆ ಬಾಗಿಲು ಹಾಕಿ, ಚಿಮಟದಿಂದ ಅಲ್ಲ, ಟೂತ್‌ಪಿಕ್ಕಿಂದ ಕೆಳಗಿನ ಹ್ಯಾಂಡಲ್ ಹತ್ರ ತಳ್ಳಿ ಇಪ್ಪತ್ತು ಮೂವತ್ತು ಸಲ ಓಡಾಡಿಸಿ. ಎಲ್ಲಿ ಹಿಡಿಯತ್ತೋ ಅಲ್ಲಿ ಬಾಗಿಲನ್ನ ಉಜ್ಜಿ, ಟ್ರ್ಯಾಕನ್ನಲ್ಲ, ಬಾಗಿಲು ಕೆಟ್ರೆ ಇನ್ನೊಂದು ಪ್ರಿಂಟ್ ಮಾಡ್ಬಹುದು.